ಯಾವ ಬಾಜೂ, ಪಾರಿಸಾ?

ಕಡೆಯ ಎಸ್‌ಟಿ ಬಸ್ಸು ದೊಡ್ಡ ರಸ್ತೆಯಿಂದ ಊರಿಗೆ ತಿರುಗುವ ಮಾಲಗಾಂವ ಫಾಟಾದಲ್ಲಿ ಪಾರಿಸನನ್ನು ಇಳಿಸಿ, ಘರ್ರ್... ಎಂದು ಗೇರು ಬದಲಿಸಿ ಹೊರಟುಹೋಯಿತು. ಇಳಿದವನು ಅವನೊಬ್ಬನೇ. ಕರೆಂಟು ಇರಲಿಲ್ಲ. ಚಹಾದಂಗಡಿಯವನು ಹಲಗೆ ಹಾಕಿ ಯಾವಾಗಲೋ ಮಲಗಿದ್ದ. ಕಾರ್ತಿಕದ ಚಳಿ. ದ್ರಾಕ್ಷಿ ಪಡಗಳಿಗೆ ಹೊಡೆದ ಗಂಧಕದ ವಾಸನೆ ಮೂಗಿಗೆ ಅಡರುತ್ತಿತ್ತು.

ಪಾರಿಸ ನಡೆದ. ಕಂಕುಳಲ್ಲಿ ದವಾಖಾನೆಯಲ್ಲಿ ತೆಗೆದ ಫಿಲ್ಮುಗಳ ದೊಡ್ಡ ಲಕೋಟೆ. ಹೆಜ್ಜೆ ಹಾಕಿದ ಹಾಗೆಲ್ಲ ಒಳಗಿನ ಫಿಲ್ಮು ಬಳುಕಿ ವಪ್... ವಪ್... ಅನ್ನುತ್ತಿತ್ತು. ಬೇರೆ ಸದ್ದಿಲ್ಲ. ನಾಯಿ ಇಲ್ಲ, ಪಂಪಸೆಟ್ಟಿಲ್ಲ. ಹುಟ್ಟಿದಾಗಿನಿಂದ ಕಾಲಿಗೆ ಗೊತ್ತಿರುವ ದಾರಿ ಅದು. ಸ್ವಲ್ಪ ಮುಂದೆ ಹೋದರೆ ಒಂದು ಆಲದ ಮರ, ಆಲದ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಊರು. ಎಡಕ್ಕೆ ಹೋದರೆ ಹಾಳು ಬಾವಿ. ಅದರಾಚೆ ದಾರಿಯಿಲ್ಲ.

ಆಲದ ಮರ ಇನ್ನೂ ಅಷ್ಟು ದೂರ ಇರುವಾಗಲೇ ಕಿವಿಗೆ ಬಿತ್ತು...

ಚುಂಯ್... ಟಕ್. ಚುಂಯ್... ಟಕ್.

ಹಕ್ಕಿಯ ಸದ್ದಲ್ಲ. ಹುಳದ ಸದ್ದಲ್ಲ. ಪಾರಿಸನಿಗೆ ಈ ಸದ್ದು ಚೆನ್ನಾಗಿ ಗೊತ್ತಿತ್ತು. ಮಿರಜದಲ್ಲಿ ಅವನು ಕಲಿಸುತ್ತಿದ್ದ ಮೆಡಿಕಲ್ ಕಾಲೇಜಿನಲ್ಲಿ ತಲೆಯೊಳಗಿನ ಚಿತ್ರ ತೆಗೆಯುವ ಎಮ್ಮಾರೈ ಯಂತ್ರ ಇತ್ತಲ್ಲ, ಅದರ ಕೆಲಸ ಮುಗಿಸಿ, ದೀಪ ಆರಿಸಿ, ಬಾಗಿಲಿಗೆ ಬೀಗ ಜಡಿದರೂ ಒಳಗೊಂದು ಪಂಪು ಹಗಲೂ ರಾತ್ರಿ ಹೀಗೇ ಮಿಡಿಯುತ್ತಿರುತ್ತದೆ. ಅದನ್ನು ನಿಲ್ಲಿಸುವ ಹಾಗಿಲ್ಲ. ಆ ಸದ್ದು ಈಗ ಆಲದ ಬುಡದಿಂದ ಬರುತ್ತಿತ್ತು.

ಅವನು ನಿಂತ. ಲಕೋಟೆಯ ವಪ್ ವಪ್ ನಿಂತಿತು. ಚುಂಯ್... ಟಕ್ ಮಾತ್ರ ನಿಲ್ಲಲಿಲ್ಲ.

ದಾರಿ ಒಡೆಯುವ ಜಾಗದಲ್ಲೇ, ಅವನಿಗೆ ಎದುರಾಗಿ, ಒಬ್ಬ ಹೆಂಗಸು ನಿಂತಿದ್ದಳು. ಆ ಕತ್ತಲಲ್ಲೂ ಕಾಣುವ ಹಸಿರು ಇಳಕಲ್ಲ ಸೀರೆ. ತಲೆಯ ಎಡಗಡೆಗೆ ದಪ್ಪ ಬ್ಯಾಂಡೇಜು. ಆದರೆ ಕೈ ಒತ್ತಿ ಹಿಡಿದಿದ್ದು ಬಲಗಡೆಗೆ.

"ಪಾರಿಸಾ..." ಅಂದಳು ಮೆಲ್ಲಗೆ. "ಇಲ್ಲಿ ಸಿಡೀತೈತಲ್ಲೋ ಇನ್ನಾ..."

ಸಖುಬಾಯಿಯ ದನಿ. ಸಖುಬಾಯಿ ಸತ್ತು ಆಗಲೇ ತಿಂಗಳ ಮೇಲಾಗಿತ್ತು. ಅವಳ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಪಾರಿಸನೂ ಒಬ್ಬ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಾರಿಸನದೂ ಸಖುಬಾಯಿಯದೂ ಬಸದಿಗೆ ನಡೆದುಕೊಳ್ಳುವ ಜೈನ ಮನೆತನ. ಜೈನರಲ್ಲಿ ದೆವ್ವ ಆಗುವುದಿಲ್ಲ. ಜೀವ ಈ ದೇಹ ಬಿಟ್ಟ ಗಳಿಗೆಗೇ ಇನ್ನೊಂದು ದೇಹ ಸೇರಿಬಿಡುತ್ತದೆ, ನಡುವೆ ಅಲೆಯಲಿಕ್ಕೆ ಪುರುಸೊತ್ತೇ ಇಲ್ಲ. ಅದಕ್ಕೇ ನಮ್ಮವರು ಸತ್ತವರಿಗೆ ಪಿಂಡ ಇಡುವುದಿಲ್ಲ, ಕಾಗೆ ಕರೆಯುವುದಿಲ್ಲ. ಪಾರಿಸ ಚಿಕ್ಕಂದಿನಿಂದ ಇದನ್ನು ಕೇಳಿಕೊಂಡೇ ಬೆಳೆದವನು. ಮೇಲಾಗಿ ಡಾಕ್ಟರು. ಅಂಥವನು ಕಣ್ಣಾರೆ ಕಂಡ.

ಅವಳು ಒಂದು ಹೆಜ್ಜೆ ಮುಂದಿಟ್ಟಳು. "ಮನಿ ದಾರಿ ತಪ್ಪೈತಿ ನನಗ. ಯಾವ ಬಾಜೂ, ಪಾರಿಸಾ?"

ಬಾಜೂ ಅಂದರೆ ಕಡೆ. ಈ ಸೀಮೆಯಲ್ಲಿ ಕನ್ನಡವಾಗಲಿ ಮರಾಠಿಯಾಗಲಿ, ಎಲ್ಲರೂ ಆಡುವ ಮಾತು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಪಾರಿಸ ಲಕೋಟೆಯನ್ನು ಎದೆಗೆ ಅವುಚಿಕೊಂಡ. ಇದೇ ಪ್ರಶ್ನೆಯನ್ನು ಅವನಿಗೆ ಇನ್ನೊಬ್ಬರು ಕೇಳಿದ್ದರು. ಟೆಲಿಫೋನಿನಲ್ಲಿ, ಹಾಡಹಗಲು.

ಆ ಸಂಗತಿ ಮೊದಲು ಕೇಳಿ.

ಪರದೇಶದ ಮಾಲಿಗೆ ಸರಕಾರ ಬಾಗಿಲು ತೆಗೆದ ವರ್ಷಗಳು ಅವು. ಸಾಂಗಲಿ ರಸ್ತೆಯ ಎರಡೂ ಬದಿಗೆ ದವಾಖಾನೆಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದವು. ಎಸ್‌ಟಿಡಿ ಬೂತು, ಲಾಡ್ಜು, ಔಷಧದ ಅಂಗಡಿ, ಮತ್ತೆ ದವಾಖಾನೆ. ಪಾರಿಸನ ಕಾಲೇಜಿಗೂ ಎಮ್ಮಾರೈ ಯಂತ್ರ ಬಂತು. ಅದನ್ನು ಒಳಗೆ ತರಲಿಕ್ಕೆ ಗೋಡೆಯನ್ನೇ ಒಡೆದರು, ತಂದ ಮೇಲೆ ತೆಂಗಿನಕಾಯಿ ಒಡೆದರು. ಪಾರಿಸ ಅಲ್ಲಿ ರೇಡಿಯಾಲಜಿ ಕಲಿಸುವ ಮಾಸ್ತರ. ಎಕ್ಸ್‌ರೇ ಓದುತ್ತ ಸವೆದುಹೋಗುತ್ತಿದ್ದ ಜೀವಕ್ಕೆ ಆ ಯಂತ್ರ ಬಂದದ್ದು ಹೊಸ ಜನ್ಮ ಬಂದ ಹಾಗಾಯಿತು.

ಅವನೊಂದು ಸಂಶೋಧನೆ ಹಿಡಿದ. ವಯಸ್ಸಾದವರಿಗೆ ಮರೆವು ಯಾಕೆ ಬರುತ್ತದೆ? ಮಿದುಳಿನಲ್ಲಿ ನೆನಪು ಕೂಡಿಡುವ ಪುಟ್ಟ ಜಾಗ ಎಡಕ್ಕೊಂದು ಬಲಕ್ಕೊಂದು ಇರುತ್ತದಂತೆ. ಅದರಲ್ಲಿ ಮೊದಲು ಕುಗ್ಗುವುದು ಎಡಗಡೆಯದು ಅಂತ ಅವನ ವಾದ. ಅದನ್ನು ತೋರಿಸಲಿಕ್ಕೆ ಗಟ್ಟಿಮುಟ್ಟಾದ ಮುದುಕ ಮುದುಕಿಯರ ತಲೆಗಳು ಬೇಕು. ಪಟ್ಟಣದಲ್ಲಿ ಯಾರು ಬರುತ್ತಾರೆ? ಅವನು ಊರಿಗೇ ಕೈ ಚಾಚಿದ. ಮೊದಲು ಹೂಂ ಅಂದವಳು ಪಕ್ಕದ ಮನೆಯ ಸಖುಬಾಯಿ. ರಕ್ತಸಂಬಂಧವಿಲ್ಲ, ಆದರೂ ಮಾವಶಿ, ಚಿಕ್ಕವ್ವ. ತಾಯಿಯಿಲ್ಲದ ಪಾರಿಸ ಅವಳ ಅಡುಗೆಮನೆಯಲ್ಲಿ ಉಂಡು ದೊಡ್ಡವನಾದವನು. ಅವಳು ಜೀಪು ಹತ್ತಿದಳು ಅಂತ ಬಸದಿಯ ಹೆಂಗಸರೆಲ್ಲ ಹತ್ತಿದರು.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ದವಾಖಾನೆಯ ಫಿಲ್ಮಿನಲ್ಲಿ ಮನುಷ್ಯ ನಿಮಗೆ ಎದುರಾಗಿ ನಿಂತ ಹಾಗೆ ಚಿತ್ರ ಬರುತ್ತದೆ. ಅವನ ಬಲ ನಿಮ್ಮ ಎಡಕ್ಕೆ. ಆದರೆ ಪಾರಿಸನ ಸಂಶೋಧನೆಯ ಕಂಪ್ಯೂಟರಿಗೆ ಬೇರೆ ಚಾಳಿ, ಅದು ಬೆನ್ನ ಹಿಂದಿನಿಂದ ನೋಡಿದ ಹಾಗೆ ತೋರಿಸುತ್ತಿತ್ತು. ಒಂದಕ್ಕೊಂದು ಉಲ್ಟಾ. ಗೊಂದಲ ಆಗಬಾರದೆಂದು ಮಲಗಿದವರ ಬಲಗಡೆ ಕಪಾಲಕ್ಕೆ ಒಂದು ಮೀನೆಣ್ಣೆ ಗುಳಿಗೆ ಅಂಟಿಸುತ್ತಾರೆ. ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಇದ್ದ ಕಡೆ ಬಲ. ಕುರುಡನಿಗೂ ತಿಳಿಯುತ್ತದೆ.

ಸಖುಬಾಯಿ ಹಲಗೆಯ ಮೇಲೆ ಮಲಗಿದಾಗ ಪಾರಿಸ ಗುಳಿಗೆ ಹಿಡಿದು ಬಂದ.

"ಏನೋ ಅದು?"

ಔಷಧ ಅನ್ನಬಹುದಿತ್ತು. ಅವನು ಖರೆ ಹೇಳಿದ. "ಮೀನೆಣ್ಣಿ ಗುಳಿಗಿ, ಮಾವಶಿ."

ಅವಳು ಧಡಕ್ಕನೆ ಎದ್ದು ಕೂತಳು. "ಅಯ್ಯಯ್ಯ! ಜೀವ ಹಿಂಡಿದ ಎಣ್ಣಿ ತಲೀಗಿ ಹಚ್ಚತೀಯೇನೋ? ಮುನಿಗೋಳ ಮುಂದ ನೇಮ ತೊಗೊಂಡೇನಿ ನಾ. ಸತ್ತರೂ ಒಲ್ಲೆ."

ಪಾರಿಸ ನಕ್ಕು ಗುಳಿಗೆಯನ್ನು ಕಿಸೆಗೆ ಹಾಕಿಕೊಂಡ. "ಬ್ಯಾಡ ಬಿಡ. ನಿನ್ನ ಧರ್ಮ ಮುರದು ನನಗೇನ ಆಗಬೇಕೈತಿ."

"ಖರೇ ಹೇಳಿದಿ ನೋಡ, ಅದು ದೊಡ್ಡದು," ಅಂದು ಅವಳು ಮತ್ತೆ ಮಲಗಿದಳು. "ಸುಳ್ಳ ಹೇಳಿ ಹಚ್ಚಿದ್ದರ ನನಗೇನ ತಿಳೀತಿತ್ತು?"

ಅವಳ ಹಿಂದೆ ಬಂದ ಹೆಂಗಸರಿಗೆ ಯಾರಿಗೂ ಅವನು ಗುಳಿಗೆ ಹಚ್ಚಲಿಲ್ಲ. ಎಡ ಬಲ ತಿಳಿಯದಷ್ಟು ದಡ್ಡನೇ ನಾನು ಅಂದುಕೊಂಡ. ಒಂದು ಸಣ್ಣ ಶೀಸೆಯಲ್ಲಿ ಶೇಂಗಾ ಎಣ್ಣೆ ತುಂಬಿ ಕಟ್ಟಿದ್ದರೂ ಆಗುತ್ತಿತ್ತು. ಆ ಬುದ್ಧಿ ಅವನಿಗೆ ಬಂದದ್ದು ಎಲ್ಲ ಮುಗಿದ ಮೇಲೆ.

ಸಖುಬಾಯಿಯ ಚಿತ್ರದಲ್ಲಿ ಹಣೆಯ ಹಿಂದೆ ಒಂದು ಗಂಟು ಕಂಡಿತು. ಬೋರೆ ಹಣ್ಣಿನಷ್ಟು. ಬೇಸಿಗೆಯಿಂದ ಅವಳಿಗೆ ತಲೆಶೂಲೆ ಇತ್ತು, ಬಿಸಿಲಿನದು ಅಂತ ಯಾರಿಗೂ ಹೇಳಿರಲಿಲ್ಲ. ಕೆಟ್ಟ ಗಂಟಲ್ಲ, ತೆಗೆದರೆ ಮುಗಿಯಿತು ಅಂದ ಸರ್ಜನ್. ಅವಳು ಒಲ್ಲೆ ಅಂದಳು. ಮಗ ತವನಪ್ಪ ಹೆದರಿದ. ಒಪ್ಪಿಸಿದವನು ಪಾರಿಸ. ನಾನಿದೀನಲ್ಲ ಮಾವಶಿ, ಅಂದ. ಅವಳ ಫಿಲ್ಮನ್ನು ತನ್ನ ಸಂಶೋಧನೆಯ ಕಂಪ್ಯೂಟರಿನಿಂದಲೇ ತೆಗೆಸಿ ಆಪರೇಶನ್ನಿಗೆ ಕಳಿಸಿದ. ಚುಕ್ಕೆಯಿಲ್ಲದ ಫಿಲ್ಮು.

ಆಪರೇಶನ್ನಿನ ದಿನವೇ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆಯ ಸಂದರ್ಶನ. ಪುಣೆ ಮುಂಬಯಿಯಿಂದ ದೊಡ್ಡವರು ಬಂದು ಕೂತಿದ್ದರು. ಎಡಗಡೆ ಮೊದಲು ಕುಗ್ಗುತ್ತದೆ ಅಂತ ಪಾರಿಸ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಿದ್ದ. ಟ್ರಿಣ್... ಟ್ರಿಣ್... ಮೇಜಿನ ಮೇಲಿನ ಫೋನು. ಆಪರೇಶನ್ ಥೇಟರಿನ ನರ್ಸು.

"ಸರ್, ಸರ್ಜನ್ ಸಾಹೇಬರು ಕೇಳತಾರ. ಫಿಲ್ಮ ಮ್ಯಾಲ ನಿಶಾಣಿ ಇಲ್ಲ. ಗಂಟು ಯಾವ ಬಾಜೂ?"

ಯಂತ್ರದಲ್ಲಿ ಮೂಲ ಚಿತ್ರ ಇತ್ತು. ಪಕ್ಕದ ಕೋಣೆಗೆ ಹೋಗಿ ನೋಡಿ ಬಂದಿದ್ದರೆ ಆಗುತ್ತಿತ್ತು. ಆದರೆ ಅದಕ್ಕೆ, ತಡೀರಿ, ನನಗೆ ಖಾತ್ರಿಯಿಲ್ಲ ಅನ್ನಬೇಕಿತ್ತು. ಎಡ ಬಲದ ಮೇಲೆ ಭಾಷಣ ಮಾಡುತ್ತ ನಿಂತವನು, ಆ ದೊಡ್ಡವರ ಮುಂದೆ, ಎಡ ಯಾವುದು ಬಲ ಯಾವುದು ಖಾತ್ರಿಯಿಲ್ಲ ಅನ್ನಬೇಕಿತ್ತು.

ನಾಲಿಗೆಗೆ ಎಲುಬಿಲ್ಲ ನೋಡಿ. "ಎಡಕ್ಕ," ಅಂದ. ಫೋನಿಟ್ಟ. ಭಾಷಣ ಮುಂದುವರಿಸಿದ.

ಸಂಜೆ ಯಂತ್ರದ ಕೋಣೆಗೆ ಹೋಗಿ ನೋಡಿದ. ಗಂಟು ಬಲಕ್ಕಿತ್ತು.

ಅಷ್ಟರಲ್ಲಿ ಸಖುಬಾಯಿಯ ತಲೆ ಎಡಗಡೆ ತೆರೆದು, ಹುಡುಕಿ, ಏನೂ ಸಿಗದೆ ಹೊಲಿದಾಗಿತ್ತು. ಮಿದುಳು ಬಾತುಕೊಂಡಿತು. ಅವಳು ಕಣ್ಣು ಬಿಡಲಿಲ್ಲ. ಗಂಟು ಬಹಳ ಆಳಕ್ಕಿತ್ತು, ಕೈಗೆ ಎಟುಕಲಿಲ್ಲ ಅಂತ ತವನಪ್ಪನಿಗೆ ಹೇಳಿದರು. ಪಾರಿಸ ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ. ಬಿಟ್ಟರೆ ಬರೀ ಅವಳ ಫಿಲ್ಮಲ್ಲ, ಗುಳಿಗೆಯಿಲ್ಲದೆ ತೆಗೆದ ಅಷ್ಟೂ ತಲೆಗಳು ಅನುಮಾನಕ್ಕೆ ಬೀಳುತ್ತಿದ್ದವು. ಕುಗ್ಗುವುದು ಎಡವೋ ಬಲವೋ ಅವನಿಗೇ ಗೊತ್ತಿರಲಿಲ್ಲ, ಮೂಲ ಚಿತ್ರಗಳಿಗೆ ತಾಳೆ ನೋಡುವ ಧೈರ್ಯವೂ ಇರಲಿಲ್ಲ. ನಿದ್ದೆಗೆಟ್ಟ ರಾತ್ರಿಗಳು, ಹುದ್ದೆ, ಹೆಸರು... ಎಲ್ಲ ಹುಣಸೆಹಣ್ಣು ಹೊಳೆಯಲ್ಲಿ ತೊಳೆದ ಹಾಗೆ. ಅವನು ಹೆಗಲು ಕೊಟ್ಟ, ಸುಟ್ಟು ಬಂದ, ಸ್ನಾನ ಮಾಡಿದ, ಮತ್ತೆ ಕಾಲೇಜಿಗೆ ಹೋದ.

ಆ ಸಖುಬಾಯಿಯೇ ಈಗ ಆಲದ ಬುಡದಲ್ಲಿ ನಿಂತಿದ್ದಳು.

"ಯಾವ ಬಾಜೂ, ಪಾರಿಸಾ?"

ಪಾರಿಸ ಕೈ ಎತ್ತಿ ದಾರಿ ತೋರಿಸಬೇಕೆಂದರೆ ಕೈ ಲಕೋಟೆಗೆ ಅಂಟಿದ ಹಾಗೆ ಆಗಿತ್ತು. ಊರು ತನ್ನ ಬಲಕ್ಕಿದೆ ಅನ್ನುವುದೊಂದೇ ನೆನಪಾಯಿತು.

"ಬಲಕ್ಕ... ಬಲಕ್ಕ ಹೋಗ, ಮಾವಶಿ."

ಅವಳು ತಲೆಯಾಡಿಸಿದಳು. ತನ್ನ ಬಲಕ್ಕೆ ಹೊರಳಿದಳು.

ಎದುರಿಗೆ ನಿಂತವರ ಬಲ ನಮ್ಮ ಎಡ. ರೇಡಿಯಾಲಜಿಗೆ ಬಂದ ಹುಡುಗರಿಗೆ ಮೊದಲ ದಿನ ಪಾರಿಸನೇ ಹೇಳಿಕೊಡುತ್ತಿದ್ದ ಪಾಠ. ಅವಳು ಬಾವಿಯ ದಾರಿ ಹಿಡಿದು ಹೋದಳು. ಕಾಲುಂಗುರದ ಟಿಣ್ ಟಿಣ್ ಒಂದಿಷ್ಟು ದೂರ ಕೇಳಿಸಿತು. ಆಮೇಲೆ...

ದುಡುಂ.

ಪಾರಿಸ ಓಡಿದ. ಬಾಗಿಲು ತೆರೆದ ಹೆಂಡತಿ ಸಂಪದಾ ಅವನ ಮುಖ ನೋಡಿ ಎದೆ ಹಿಡಿದುಕೊಂಡಳು. ಅವಳು ಸಾಂಗಲಿಯ ಮಗಳು, ಗಾಬರಿಯಾದರೆ ಮರಾಠಿಯೇ ಬರುವುದು. "ಅಹೋ, ಕಾಯ ಝಾಲಂ?" ಏನಾಯ್ತು, ಏನಾಯ್ತು ಅಂತ ಎಷ್ಟು ಕೇಳಿದರೂ ಅವನು ಏನೂ ಇಲ್ಲ ಅಂದ. ಬೆಳಗ್ಗೆ ಎದ್ದು ಬಾವಿ ನೋಡಿ ಬಂದ. ನೀರಿನ ಮೇಲೆ ಹಸಿರು ಪಾಚಿ ಹಾಸಿದ ಹಾಗೇ ಇತ್ತು, ಎಲ್ಲೂ ಹರಿದಿರಲಿಲ್ಲ.

ಮರುದಿನ ರಾತ್ರಿ ಅದೇ. ಅದರ ಮರುದಿನವೂ ಅದೇ. ಕಾಸು ಕೊಡುವ ರೋಗಿಗಳು ಮುಗಿದ ಮೇಲೇ ಸಂಶೋಧನೆಗೆ ಯಂತ್ರ ಸಿಗುತ್ತಿತ್ತು, ಹಾಗಾಗಿ ಕಡೆಯ ಬಸ್ಸು ಬಿಟ್ಟರೆ ಗತಿಯಿಲ್ಲ. ಚುಂಯ್... ಟಕ್. ಹಸಿರು ಸೀರೆ. ಬಲಗಡೆ ಒತ್ತಿ ಹಿಡಿದ ಕೈ. ಯಾವ ಬಾಜೂ? ಅವನು ಬಾಯಿ ಬಿಗಿಹಿಡಿದು ನಿಂತರೆ ಅವಳೂ ನಿಲ್ಲುತ್ತಿದ್ದಳು, ಬೆಳಗಾಗುವವರೆಗೂ ನಿಲ್ಲುವವಳ ಹಾಗೆ. ಕಡೆಗೆ ಬಾಯಿಂದ ಬಲಕ್ಕ ಅಂತಲೇ ಬರುತ್ತಿತ್ತು. ಟಿಣ್ ಟಿಣ್ ಟಿಣ್... ದುಡುಂ. ತಾಯಿಯಂಥವಳನ್ನು ದಿನಾ ರಾತ್ರಿ ತಾನೇ ಬಾವಿಗೆ ನೂಕಿ ಬರುತ್ತಿದ್ದೇನೆ ಅಂತ ಅವನಿಗೆ ಅನಿಸುತ್ತಿತ್ತು, ಹೊದ್ದುಕೊಂಡು ಅಳುತ್ತಿದ್ದ.

ಒಂದು ರಾತ್ರಿ ಊರಿಗೆ ಹೋಗದೆ ಕಾಲೇಜಿನಲ್ಲೇ ಮಲಗಿದ. ಬೆಳಗ್ಗೆ ಯಂತ್ರ ನಡೆಸುವ ಗುರಲಿಂಗ ಎಬ್ಬಿಸಿದ. ದಿನಾ ಬೆಳಗ್ಗೆ ರೋಗಿಗಳಿಗಿಂತ ಮೊದಲು ಒಂದು ನೀರಿನ ಬಾಟಲಿ ಒಳಗಿಟ್ಟು ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡುವುದು ಅವನ ಕೆಲಸ.

"ಸರ್, ಒಳಗ ಗುಳಿಗಿ ಗಿಳಿಗಿ ಬಿಟ್ಟೀರೇನ್ರಿ? ಬಾಟಲಿ ಬಲಕ್ಕ ಒಂದು ಬಿಳಿ ಚುಕ್ಕಿ ಬರಾಕತ್ತೈತಿ. ಮೂರ ಸಲ ಒರಸಿ ನೋಡಿದೆ, ಒಳಗೇನೂ ಇಲ್ಲ."

ಪಾರಿಸ ಚಿತ್ರ ನೋಡಿದ. ಬಾಟಲಿಯ ಗುಂಡನೆಯ ನೆರಳು, ಅದರ ಪಕ್ಕಕ್ಕೆ ಬೋರೆ ಬೀಜದಷ್ಟು ಬಿಳಿ ಚುಕ್ಕೆ. ಅವನು ಅದನ್ನು ಅಳಿಸಿಹಾಕಿದ.

ಅಂದು ರಾತ್ರಿ ಆಲದ ಹತ್ತಿರ ಹೋದಾಗ ಅವನು ಒಂದು ನಿರ್ಧಾರ ಮಾಡಿಕೊಂಡಿದ್ದ. ಅವಳು ಎದುರು ನಿಂತವಳು, ಅವಳಿಗೆ ಊರು ಎಡಕ್ಕೆ. ಎಡಕ್ಕ ಅಂದರೆ ಮನೆ ಮುಟ್ಟುತ್ತಾಳೆ. ಆದರೆ ಫೋನಿನಲ್ಲಿ ಆಡಿದ ಮಾತೇ ಅದು.

"ಯಾವ ಬಾಜೂ, ಪಾರಿಸಾ?"

"...ಎಡಕ್ಕ."

ಅವಳು ಅವನನ್ನೇ ದಿಟ್ಟಿಸಿದಳು. ಪಂಪಿನ ಸದ್ದು ನಿಂತಿತು. ಒಮ್ಮೆಗೇ ನಿಶ್ಶಬ್ದ.

"ಖರೇ ಏನೋ?" ಪಿಸುಗುಟ್ಟಿದಳು.

"ಖರೇ, ಮಾವಶಿ. ಎಡಕ್ಕ."

ಅವಳು ಎಡಕ್ಕೆ ಹೊರಳಿ ಊರಿನ ದಾರಿ ಹಿಡಿದಳು. ಟಿಣ್... ಟಿಣ್... ಟಿಣ್... ಸದ್ದು ದೂರವಾಗುತ್ತ ಹೋಯಿತು. ದುಡುಂ ಅನ್ನಲಿಲ್ಲ. ಪಾರಿಸ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಿಕ್ಕಿದ. ಮುಗಿಯಿತು ಅಂದುಕೊಂಡ. ಮುಗಿಯಿತು ಅಂದುಕೊಂಡದ್ದು ಎಲ್ಲಿ ಮುಗಿಯುತ್ತದೆ?

ಬೆಳಗ್ಗೆ ಸಂಪದಾ ಅಂಗಳಕ್ಕೆ ನೀರು ಹಾಕುವಾಗ ತವನಪ್ಪ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಪಾರಿಸ ಎದ್ದಾನೇನವಾ?"

ಪಾರಿಸ ಹೊರಗೆ ಬಂದ. ತವನಪ್ಪ ಅವನಿಗೆ ಅಣ್ಣನ ಸಮಾನ. "ಬಾ ದಾದಾ. ಕುಂದ್ರ ಬಾ."

ತವನಪ್ಪ ಕೂರಲಿಲ್ಲ. ಕಟ್ಟೆಯ ಕಂಬ ಹಿಡಿದು ನಿಂತುಕೊಂಡೇ ಹೇಳಿದ. "ರಾತ್ರಿ ಅವ್ವ ಬಂದಿದ್ಲು."

"ಕನಸ ಬಿದ್ದಿರಬೇಕು..."

"ಕನಸಲ್ಲೋ. ಅಡಗಿಮನಿ ಹೊಸ್ತಿಲದಾಗ ನಿಂತಿದ್ಲು. ನಮ್ಮಾಕಿನೂ ನೋಡ್ಯಾಳ. ಒಳಗ ಬಾರಬೇ ಅಂದೆ. ಒಲ್ಲೆ ಅಂದ್ಲು. ನನ್ನ ತಲ್ಯಾಗಿನ ಗಂಟು ಯಾವ ಬಾಜೂ ಇತ್ತು, ಅದೊಂದು ತಿಳದ್ರ ಹೋಗ್ತೀನಿ ಅಂದ್ಲು." ತವನಪ್ಪ ಅಂಗೈಯಿಂದ ಮುಖ ಒರೆಸಿಕೊಂಡ. "ನನಗೇನ ಗೊತ್ತಬೇ ಅಂದೆ. ಪಾರಿಸನ್ನ ಕೇಳ ಹೋಗ ಅಂದ್ಲು. ಮೀನೆಣ್ಣೀನ ಮೀನೆಣ್ಣಿ ಅಂತ ಹೇಳಿದಾಂವ ಅಂವಾ. ನನಗ ಸುಳ್ಳ ಹೇಳೂದುಲ್ಲ, ಅಂದ್ಲು."

ಸಂಪದಾಳ ಕೈಯಲ್ಲಿ ತಂಬಿಗೆ ಹಾಗೇ ಉಳಿಯಿತು.

"ಅದಕ್ಕ ಬಂದೇನಿ," ಅಂದ ತವನಪ್ಪ. "ನೀ ಏನ ಹೇಳಿದ್ರೂ ನಾ ಸಿಟ್ಟಾಗೂದುಲ್ಲ. ಹ್ವಾದ ಜೀವ ತಿರುಗಿ ಬರೂದುಲ್ಲ. ಆಕಿಗಿ ಹೇಳಾಕ ಬೇಕಾಗೈತಿ, ಅಷ್ಟ. ಯಾವ ಬಾಜೂ ಇತ್ತು?"

ಇಷ್ಟು ಸುಲಭವಾಗಿ ಯಾರಿಗೆ ಸಿಗುತ್ತದೆ ಹೇಳಿ? ಸತ್ತವಳು ಬಾಗಿಲು ತೆರೆದಿಟ್ಟು ಹೋಗಿದ್ದಳು. ಬದುಕಿದ್ದವನು ಸಿಟ್ಟಾಗುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದ. ಬಲಕ್ಕ ಅಂತ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಆದರೆ ಒಳಗೆ ಮೇಜಿನ ಮೇಲೆ ವಿಲಾಯತಿಯಿಂದ ಬಂದ ಕಾಗದ ಇತ್ತು, ಅವನ ಸಂಶೋಧನೆ ಅಚ್ಚಾಗುತ್ತದೆ ಅಂತ. ಪ್ರೊಫೆಸರ್ ಹುದ್ದೆಯ ಆದೇಶ ಇವತ್ತೋ ನಾಳೆಯೋ ಅನ್ನುವಂತಿತ್ತು. ಪಾರಿಸ ನೆಲ ನೋಡಿದ.

"ಎಡಕ್ಕ ಇತ್ತು, ದಾದಾ. ಭಾಳ ಆಳಕ್ಕ ಇತ್ತು."

ತವನಪ್ಪ ಕಂಬ ಬಿಟ್ಟ. "ಆತು," ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನು ಕಣ್ಮರೆಯಾದ ಮೇಲೆ ಸಂಪದಾ ಗಂಡನ ತೋಳು ಹಿಡಿದಳು. ಅಂದು ಅವನು ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟ. ಗುಳಿಗೆ, ಫೋನು, ಆಲದ ಮರ, ಎಲ್ಲ. "ಈಗಿಂದೀಗ ಹೋಗ್ರಿ," ಅಂದಳು ಅವಳು. "ಹೋಗಿ ಹೇಳ್ರಿ ಅವರಿಗೆ. ನೌಕರಿ ಹೋದ್ರ ಹೋಗಲಿ, ನಾ ಸಾಲಿಯೊಳಗ ಕಲಸ್ತೀನಿ, ಊಟಕ್ಕ ಕಮ್ಮಿ ಆಗೂದಿಲ್ಲ." ಅವನು ಹೂಂ ಅಂದ. ನಾಳೆ ಅಂದ. ಆದೇಶ ಬರಲಿ ಅಂದ. ಆದೇಶ ಬಂತು. ಸಂಶೋಧನೆ ಅಚ್ಚಾಯಿತು. ನಾಳೆ ಮಾತ್ರ ಬರಲಿಲ್ಲ.

ಆಲದ ಮರದ ಕೆಳಗೂ ಮತ್ತೆ ಯಾರೂ ಬರಲಿಲ್ಲ. ತವನಪ್ಪನ ಹೊಸ್ತಿಲಿಗೂ ಬರಲಿಲ್ಲ. ಅವಳು ಎಲ್ಲಿ ಹೋದಳೋ ಆ ಜಿನೇಶ್ವರನಿಗೇ ಗೊತ್ತು. ಒಳ್ಳೆಯದಾಯಿತಲ್ಲ ಅನ್ನಬಹುದು ನೀವು. ಆದರೆ ಪಾರಿಸನಿಗೆ ಅದೇ ನರಕವಾಯಿತು. ಹೊಸ ಕಾರು ಕೊಂಡಿದ್ದ, ಅದನ್ನು ಫಾಟಾದಲ್ಲೇ ನಿಲ್ಲಿಸಿ ನಡೆದುಕೊಂಡು ಬರುತ್ತಿದ್ದ. ಆಲದ ಬುಡದಲ್ಲಿ ನಿಂತು ಕಿವಿಗೊಡುತ್ತಿದ್ದ. ಪಂಪಿನ ಸದ್ದಿಲ್ಲ, ಕಾಲುಂಗುರವಿಲ್ಲ, ಬರೀ ಎಲೆಗಳ ಸರಸರ. "ಬಲಕ್ಕ ಇತ್ತು, ಮಾವಶಿ," ಅಂತ ಮರಕ್ಕೆ ಹೇಳುತ್ತಿದ್ದನಂತೆ. "ಬಲಕ್ಕ ಇತ್ತು..." ಕೇಳಬೇಕಾದವಳು ಕೇಳಿ ನಂಬಿ ಹೋಗಿಯಾಗಿತ್ತು. ಬದುಕಿದ್ದ ತವನಪ್ಪನ ಮನೆ ಮರದಿಂದ ಕೂಗಿನಳತೆಯಲ್ಲಿತ್ತು, ಅಲ್ಲಿಗೆ ಮಾತ್ರ ಅವನ ಕಾಲು ಹೋಗಲಿಲ್ಲ.

ಬರಬರುತ್ತ ಅವನಲ್ಲಿ ಏನೋ ಹೆಚ್ಚುಕಡಿಮೆ ಆಯಿತು. ಗಡಿಯಾರ ಬಲಗೈಗೆ ಬಂತು. ಊಟಕ್ಕೆ ಕೂತರೆ ಎಡಗೈ ತುತ್ತಿಗೆ ಹೋಗುತ್ತಿತ್ತು, ಸಂಪದಾ ಹಿಡಿದು ನಿಲ್ಲಿಸಬೇಕು. ಚಪ್ಪಲಿ ಅದಲುಬದಲು. ಪಾಠ ಮಾಡುವಾಗ ಫಿಲ್ಮು ತಿರುವಿ ಹಿಡಿಯುತ್ತಿದ್ದ, ಹುಡುಗರು ಮುಸಿಮುಸಿ ನಗುತ್ತಿದ್ದರು. ಕೆಲಸ ಹೆಚ್ಚಾಯಿತು, ತಲೆ ಕೆಟ್ಟಿದೆ ಅಂದರು ಜನ. ದೊಡ್ಡ ಪ್ರೊಫೆಸರು, ಯಾರು ಬಾಯಿ ಮಾಡುತ್ತಾರೆ?

ಮುಂದೊಂದು ಚಳಿಗಾಲ, ಹಾಲಿನವನು ನಸುಕಿನಲ್ಲಿ ಸೈಕಲ್ಲು ತುಳಿದು ಬರುವಾಗ ಪಾರಿಸ ಆಲಕ್ಕೆ ಒರಗಿ ಕೂತಿದ್ದನಂತೆ. ಸಾಹೇಬ್ರ, ಸಾಹೇಬ್ರ ಅಂತ ಕರೆದ. ಮೈ ಮುಟ್ಟಿದರೆ ತಣ್ಣಗಿತ್ತು. ಎದೆ ಒಡೆದು ಸತ್ತ ಅಂದರು. ಇರಬಹುದು.

ಹೆಣಕ್ಕೆ ಸ್ನಾನ ಮಾಡಿಸುವ ಕೆಲಸ ನಾವು ಓಣಿಯ ಗಂಡಸರೇ ಮಾಡಿದೆವು. ತವನಪ್ಪನೇ ತಂಬಿಗೆ ಹಿಡಿದು ನೀರು ಹಾಕುತ್ತಿದ್ದ. ಅಂಗಿ ತೆಗೆದು, ಧೋತರ ಸಡಿಲಿಸಿ, ಹೊಟ್ಟೆಗೆ ನೀರು ಹಾಕುವಾಗ ಅವನ ಕೈ ನಿಂತಿತು.

ಪಾರಿಸ ಎಂಟನೆಯ ಇಯತ್ತೆಯಲ್ಲಿದ್ದಾಗ ಅಪೆಂಡಿಕ್ಸಿನ ಆಪರೇಶನ್ ಆಗಿತ್ತು. ಮಿರಜದ ದವಾಖಾನೆಗೆ ಚಕ್ಕಡಿಯಲ್ಲಿ ಅವನನ್ನು ಒಯ್ದದ್ದು ಇದೇ ತವನಪ್ಪ. ಪಕ್ಕದಲ್ಲಿ ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಸಖುಬಾಯಿ. ಹೊಲಿಗೆ ಬಿಚ್ಚಿದ ಮೇಲೆ ಪಾರಿಸ ಅಂಗಿ ಎತ್ತಿ ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದ. ಬಾವಿಯಲ್ಲಿ ಈಜುವಾಗ ನಾವೆಲ್ಲ ವರ್ಷಾನುಗಟ್ಟಲೆ ನೋಡಿದ ಗುರುತು ಅದು. ಬಲಗಡೆ, ಕೆಳಹೊಟ್ಟೆಯ ಮೇಲೆ, ಜರಿಹುಳದ ಹಾಗೆ.

ತವನಪ್ಪ ತಂಬಿಗೆ ಕೆಳಗಿಟ್ಟ. ಬೆರಳಿನಿಂದ ಆ ಗುರುತು ಮುಟ್ಟಿದ. ತೀರ ಮೆಲ್ಲಗೆ, ಹೆಣವನ್ನೇ ಕೇಳಿದ ಹಾಗೆ ಕೇಳಿದ.

"ಯಾವ ಬಾಜೂ, ಪಾರಿಸಾ?"

ಬಾಗಿಲ ಮರೆಯಲ್ಲಿದ್ದ ಸಂಪದಾ ಸೆರಗು ಕಚ್ಚಿಕೊಂಡು ಕುಸಿದಳು. ಇಷ್ಟನ್ನೂ ಅವಳು ಹೇಳಿದ್ದು ಆಮೇಲೆ, ತವನಪ್ಪನ ಕಾಲು ಹಿಡಿದು. ಆದರೆ ತವನಪ್ಪನಿಗೆ ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಆಗ ಅವನು ತಂಬಿಗೆ ಎತ್ತಿಕೊಂಡ, ಉಳಿದ ನೀರು ಹಾಕಿದ, ಅಳುತ್ತಲೇ ಹಾಕಿದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಗುರುತು ಎಡಗಡೆಗಿತ್ತು. ನೀರು ಹಾಕುವಾಗ ನಾನು ತಲೆಯ ಹತ್ತಿರ ನಿಂತಿದ್ದೆ, ಅವನ ಎಡವೇ ನನ್ನ ಎಡ.